ಬೀರುವಿನೊಳಗಿನ ಕರೆ

ಶಾಲೆಯ ಫೋನು ಕೋಣೆ,
ಶುಕ್ರವಾರ ಸಂಜೆ, ತಾರೀಖು ಹದಿನೆಂಟು

ಪ್ರೀತಿಯ ತಂಗೀ,

ಕ್ಷೇಮವೇ? ಈ ಕಾಗದ ನಿನ್ನ ಯಜಮಾನಿಯ ಮನೆಗೆ ಬಾರದೆ ಅಡುಗೆಯಾಕೆಯ ಚೀಲದಲ್ಲಿ ಅಡಗಿಕೊಂಡು ಬಂದದ್ದು ನೋಡಿ ನಿನ್ನ ಎದೆ ಧಸಕ್ಕೆಂದಿರುತ್ತದೆ. ಮೊದಲು ಉಸಿರು ಬಿಡು. ನಿನ್ನ ಮಗಳು ಆರೋಗ್ಯವಾಗಿದ್ದಾಳೆ, ನಾನೂ ಇದ್ದೇನೆ, ಮನೆಯ ಸೂರು ತಲೆಯ ಮೇಲೇ ಇದೆ. ಇನ್ನು ನಿನ್ನ ಸಮಾಚಾರ ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ, ಇಲ್ಲ ಆ ಮುದುಕಮ್ಮನಿಗೆ ಉಣ್ಣಿಸಿ, ಒರೆಸಿ, ಮಲಗಿಸಿ, ಕೊನೆಗೆ ಸಿಂಕಿನ ಪಕ್ಕ ನಿಂತುಕೊಂಡೇ ನಾಲ್ಕು ತುತ್ತು ಬಾಯಿಗೆ ಹಾಕಿಕೊಳ್ಳುತ್ತೀಯಾ? ನಿಂತು ತಿನ್ನುವ ಚಾಳಿ ನಿನಗೆ ಹುಟ್ಟಿನಿಂದ ಬಂದದ್ದು. ಅದಕ್ಕೇ ಅಮ್ಮ ನಿನ್ನನ್ನು ಕುದುರೆ ಎನ್ನುತ್ತಿದ್ದಳು. ಸೊಂಟ ಹೇಗಿದೆ? ಆಕೆಯನ್ನು ಎತ್ತುವಾಗ ಬೆನ್ನು ಬಗ್ಗಿಸಬೇಡ, ಕಾಲು ಮಡಚಿ ಕೂತು ಎತ್ತು. ಬುದ್ಧಿವಾದ ಬರೆಯುವುದು ನನಗೆ ಸುಲಭ, ಎತ್ತುವವಳು ನೀನು ತಾನೇ.

ನಿನ್ನ ಚೂಟಿಯ ವಿಷಯಕ್ಕೆ ಬರುತ್ತೇನೆ. ಮತ್ತೆ ಒಂದು ಗೇಣು ಬೆಳೆದಿದ್ದಾಳೆ. ನನ್ನ ಚಪ್ಪಲಿ ಅವಳಿಗೆ ಆಗುತ್ತದೆ, ಅವಳ ಮಾತು ನನಗೆ ಆಗುವುದಿಲ್ಲ, ಒಂಬತ್ತನೇ ಕ್ಲಾಸಿನ ಹುಡುಗಿಯರೆಲ್ಲ ಹೀಗೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಈಗ ಕೆಲವು ವಾರಗಳಿಂದ ಮಾತೇ ಇಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಅದೂ ತೂಕ ಮಾಡಿ. ನೀನು ದಿನವೂ ಮಾಡುತ್ತಿದ್ದ ಫೋನನ್ನು ಅವಳು ಎತ್ತಲಿಲ್ಲ ಎಂದು ನೀನು ಅಲ್ಲಿ ಏನೇನು ಕಲ್ಪಿಸಿಕೊಂಡು ಒದ್ದಾಡಿದೆಯೋ. ಕೋಪಿಸಿಕೊಂಡಿದ್ದಾಳೆ ಎಂದುಕೊಂಡೆಯಾ? ಹುಷಾರಿಲ್ಲ ಎಂದುಕೊಂಡೆಯಾ? ಅವಳ ತಪ್ಪು ಏನೂ ಇಲ್ಲ ಕಣೇ. ಅವಳ ಫೋನು ಅವಳ ಹತ್ತಿರ ಇಲ್ಲ. ಅದು ನನ್ನ ಬೆನ್ನ ಹಿಂದಿನ ಬೀರುವಿನಲ್ಲಿದೆ, ಬೀರುವಿನ ಕೀಲಿಕೈ ನನ್ನ ಕೊರಳಲ್ಲಿದೆ. ಹೌದು, ದಿನವೂ ನೀನು ಫೋನು ಮಾಡುತ್ತಿದ್ದದ್ದು ನನಗೆ ಗೊತ್ತಾಗಿದೆ. ಹೇಗೆ ಎಂದು ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದು. ಲೆಕ್ಕದ ಮೇಷ್ಟರು ನಾನು, ಹಂತ ಬಿಟ್ಟು ಉತ್ತರಕ್ಕೆ ಹಾರುವುದು ನನಗೆ ಬರುವುದಿಲ್ಲ.

ನೀನು ಹೋಗುವಾಗ ಈ ಶಾಲೆಯಲ್ಲಿ ಫೋನಿಗೆ ಯಾವ ಕಟ್ಟೂ ಇರಲಿಲ್ಲ. ಆಮೇಲೆ ಆಮೇಲೆ ಪಾಠ ಮಾಡುವುದೇ ಕಷ್ಟವಾಯಿತು. ನಾನು ಹಲಗೆಯ ಕಡೆ ತಿರುಗಿದರೆ ಮೂವತ್ತು ತಲೆಗಳು ಒಟ್ಟಿಗೆ ತೊಡೆಯ ಕಡೆ ಬಾಗುತ್ತಿದ್ದವು. ನೋಡಿದವರು ಪ್ರಾರ್ಥನೆ ನಡೆಯುತ್ತಿದೆ ಎಂದುಕೊಳ್ಳಬೇಕು. ಪಾಪದ ಹುಡುಗಿಯೊಬ್ಬಳು ತರಗತಿಯಲ್ಲಿ ತೂಕಡಿಸಿದ್ದನ್ನು ಯಾರೋ ಚಿತ್ರ ತೆಗೆದು ಹಂಚಿದರು, ಅವಳು ಮತ್ತೆ ಶಾಲೆಗೆ ಬರಲೇ ಇಲ್ಲ. ಆಗ ನನಗೆ ತಡೆಯಲಾಗಲಿಲ್ಲ. ನಮ್ಮ ದೊಡ್ಡ ಸರ್ ನಿನಗೆ ಗೊತ್ತಲ್ಲ, ನಿರ್ಧಾರ ಮಾಡಬೇಕಾದಾಗಲೆಲ್ಲ ಕನ್ನಡಕ ಒರೆಸುವವರು. ಅವರು ಒರೆಸುತ್ತಿರುವಾಗಲೇ ನಾನು ನಿಯಮ ಮಾಡಿ ಮುಗಿಸಿದೆ. ಬೆಳಗ್ಗೆ ಬಂದ ಕೂಡಲೇ ಪ್ರತಿ ಮಗುವೂ ಫೋನು ಒಪ್ಪಿಸಬೇಕು, ಬಿಡುವಾಗ ತೆಗೆದುಕೊಳ್ಳಬೇಕು. ಮಕ್ಕಳು ಕೈ ತೋರಿಸಿ ನೀವು ಮಾತ್ರ ಇಟ್ಟುಕೊಳ್ಳಬಹುದಾ ಎನ್ನಬಾರದೆಂದು ಮೇಷ್ಟರುಗಳ ಫೋನೂ ಒಳಗೆ. ಎಂಟನೇ ಕ್ಲಾಸಿನ ಹುಡುಗನೊಬ್ಬನ ತಂದೆ ದರ್ಜಿ. ಅವರು ದಪ್ಪ ಬಟ್ಟೆಯಲ್ಲಿ ತರಗತಿಗೊಂದರಂತೆ ಜೇಬುಗಳ ಪರದೆ ಹೊಲಿದುಕೊಟ್ಟರು. ಒಂದೊಂದು ಜೇಬಿಗೆ ಒಂದೊಂದು ಫೋನು, ಪರದೆ ಸುತ್ತಿ ಬೀರುವಿಗೆ, ಬೀರುವಿಗೆ ಬೀಗ. ಮೊದಲ ತಿಂಗಳು ಎಷ್ಟು ನೆಮ್ಮದಿ ಗೊತ್ತಾ! ಮಧ್ಯಾಹ್ನ ಅಂಗಳದಲ್ಲಿ ಮಕ್ಕಳ ಗಲಾಟೆ ಕೇಳಿ ನಾನು ಕಿಟಕಿಗೆ ಬಂದು ನಿಂತಿದ್ದೆ. ಮಕ್ಕಳು ನನಗೆ ಬೀಗದಮ್ಮ ಎಂದು ಹೆಸರಿಟ್ಟರು. ನನಗೆ ಒಳಗೊಳಗೇ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ನಾವು ಚಾಪೆ ಕೆಳಗೆ ತೂರಿದರೆ ಮಕ್ಕಳು ರಂಗೋಲಿ ಕೆಳಗೆ ತೂರುತ್ತಾರೆ. ಗೇಟಿನ ಎದುರು ಒಬ್ಬ ಫೋನು ರಿಪೇರಿಯವನ ಗೂಡಂಗಡಿ ಇದೆ. ಅವನ ವ್ಯಾಪಾರ ಇದ್ದಕ್ಕಿದ್ದಂತೆ ಚಿಗುರಿತು. ಯಾಕೆಂದು ಆಮೇಲೆ ತಿಳಿಯಿತು: ಅವನು ಸತ್ತ ಫೋನುಗಳನ್ನು ಮಕ್ಕಳಿಗೆ ಮಾರುತ್ತಿದ್ದ. ಒಳಗೆ ಏನೂ ಇಲ್ಲದ, ಬರೀ ಚಿಪ್ಪು ಉಳಿದ ಫೋನುಗಳು. ಮಕ್ಕಳ ಬಾಯಲ್ಲಿ ಅವುಗಳಿಗೆ 'ಹೆಣ' ಎಂದು ಹೆಸರು. ಬೆಳಗ್ಗೆ ಹೆಣವನ್ನು ಭಯಭಕ್ತಿಯಿಂದ ಪರದೆಯ ಜೇಬಿಗೆ ಹಾಕಿ, ಜೀವಂತ ಫೋನನ್ನು ಸಾಕ್ಸಿನೊಳಗೆ ಇಟ್ಟುಕೊಂಡು ಹೋಗುತ್ತಿದ್ದರು. ನಾನು ದಿನವೂ ಸ್ಮಶಾನಕ್ಕೆ ಬೀಗ ಹಾಕಿ ಕಾವಲು ಕೂರುತ್ತಿದ್ದೆ ಎನ್ನು! ಹೊಸದಾಗಿ ಬಂದ ವಿಜ್ಞಾನದ ಹುಡುಗಿ ಮೇಡಂಗೆ ಅನುಮಾನ ಬಂತು. ಒಂದು ದಿನ ಎಲ್ಲವನ್ನೂ ಆನ್ ಮಾಡಿ ನೋಡೋಣ ಎಂದಳು. ನೋಡೋಣ, ಪಾಲಕರ ಎದುರಿಗೇ ನೋಡೋಣ ಎಂದವಳು ನಾನು. ಸಿಕ್ಕಿಬಿದ್ದರೆ ಏನು ಶಿಕ್ಷೆ ಎಂದು ದೊಡ್ಡ ಸರ್ ಕನ್ನಡಕ ಒರೆಸಿದರು. ಅಸಲಿ ಫೋನು ವರ್ಷದ ಪರೀಕ್ಷೆ ಮುಗಿಯುವವರೆಗೆ ಬೀರುವಿನಲ್ಲಿ, ಪಾಲಕರು ಖುದ್ದಾಗಿ ಬಂದು ಎಲ್ಲರೆದುರು ಒಪ್ಪಿಕೊಳ್ಳಬೇಕು, ಯಾರಿಗೂ ವಿನಾಯಿತಿ ಇಲ್ಲ ಎಂದವಳೂ ನಾನೇ.

ಪಾಲಕರ ಸಮಿತಿಯ ಮುಖ್ಯಸ್ಥರು ಔಷಧಿ ಅಂಗಡಿಯವರು. ಅವರ ಎದುರಿಗೇ ಪರದೆ ಬಿಚ್ಚಿದೆವು. ಒಂದೊಂದಾಗಿ ಗುಂಡಿ ಒತ್ತಿದಂತೆ ಹೆಣಗಳು ಮೇಜಿನ ಮೇಲೆ ಸಾಲಾಗಿ ಮಲಗಿದವು. ಅವರ ಮಗಳದ್ದೂ ಇತ್ತು, ಮನುಷ್ಯನ ಕಿವಿ ಕೆಂಪಾಯಿತು. ನನಗೆ ಒಳಗೇ ಖುಷಿ. ಆಮೇಲೆ ಒಂಬತ್ತನೇ ಕ್ಲಾಸಿನ ಪರದೆ ಬಂತು. ಅದರಲ್ಲಿ ಒಂದು ಫೋನು, ಮೂಲೆ ಒಡೆದದ್ದು, ಹಿಂದೆ ಹಸಿರು ಉಗುರು ಬಣ್ಣ ಮೆತ್ತಿಕೊಂಡದ್ದು. ಗುಂಡಿ ಒತ್ತುವುದೇ ಬೇಕಿರಲಿಲ್ಲ. ಅದು ನನ್ನದೇ ಹಳೆಯ ಫೋನು ಕಣೇ. ಚೂಟಿ ಪುಟ್ಟವಳಿದ್ದಾಗ ಆಟವಾಡಲೆಂದು ನಾನೇ ಕೊಟ್ಟದ್ದು, ಆ ಬಣ್ಣ ಅವಳೇ ಬಳಿದದ್ದು. ನನ್ನ ಮೇಜಿನ ಖಾನೆಯಿಂದ ಅದನ್ನು ಎತ್ತಿಕೊಂಡು, ನನ್ನ ಕಣ್ಣೆದುರಿಗೇ, ದಿನವೂ ನನ್ನ ಕೈಯಿಂದಲೇ ನನ್ನ ಬೀರುವಿಗೆ ಹಾಕಿಸುತ್ತಿದ್ದಳು. ಚೂಟಿಯನ್ನು ಕರೆದರು. ಅವಳು ಸಾಕ್ಸಿನಿಂದ ಅಸಲಿ ಫೋನು ತೆಗೆದು ಮೇಜಿನ ಮೇಲಿಟ್ಟಳು. ಅಳಲಿಲ್ಲ, ಕಾರಣ ಹೇಳಲಿಲ್ಲ. ನನ್ನ ಮುಖ ನೋಡಿದಳು ಅಷ್ಟೇ. ಆ ಕ್ಷಣದಲ್ಲಿ ನನಗೆ ಬಂದದ್ದು ಕೋಪ, ಬರೀ ಕೋಪ. ನನ್ನ ಮಾನ ಕಳೆದಳಲ್ಲ ಎಂದು.

ಪಾಲಕರು ಖುದ್ದಾಗಿ ಬರಬೇಕು ಅಲ್ಲವಾ? ಅವಳ ಅಪ್ಪ ಬದುಕಿಲ್ಲ, ಅಮ್ಮ ಪರದೇಶದಲ್ಲಿ, ಇಲ್ಲಿ ಪಾಲಕಿ ನಾನೇ. ಹಾಗಾಗಿ ಮಾರನೆಯ ದಿನ ನಾನು ಕುರ್ಚಿಯಿಂದ ಎದ್ದು, ಮೇಜು ಸುತ್ತಿ ಬಂದು, ಉಳಿದ ಪಾಲಕರ ಸಾಲಿನಲ್ಲಿ ನಿಂತೆ. ನಗು ಬಂತಾ? ಅಲ್ಲಿದ್ದವರಿಗೂ ಬಂತು. ದರ್ಜಿ ಪಾಪ ನೆಲ ನೋಡುತ್ತಿದ್ದರು. ಔಷಧಿ ಅಂಗಡಿಯವರು ಮಾತ್ರ, ಬೇಲಿಯೇ ಎದ್ದು ಹೊಲ ಮೇಯ್ದರೆ ಏನು ಮಾಡೋದು ಮೇಡಂ ಎಂದರು. ನನ್ನ ಮನೆಯ ಹುಡುಗಿಗೂ ಅದೇ ಶಿಕ್ಷೆ, ಒಂದು ದಿನವೂ ಕಡಿಮೆ ಇಲ್ಲ ಎಂದು ನಾನು ಗಂಟಲು ಏರಿಸಿ ಹೇಳಿದೆ. ಹೇಳುವಾಗ ನನಗೆ ನ್ಯಾಯದೇವತೆಯೇ ಮೈಮೇಲೆ ಬಂದ ಹಾಗಿತ್ತು. ಸಂಜೆ ಮನೆಗೆ ಬಂದು ಚೂಟಿಗೂ ಪಾಠ ಮಾಡಿದೆ. ಅವಳು ಕೇಳಿಸಿಕೊಂಡು, "ಆಯ್ತು ದೊಡ್ಡಮ್ಮ" ಎಂದು ಬಟ್ಟೆ ಮಡಚಲು ಹೋದಳು.

ಇನ್ನು ಮುಂದಿನದನ್ನು ಬರೆಯುವುದು ಕಷ್ಟ. ಮುಟ್ಟುಗೋಲು ಹಾಕಿದ ಫೋನುಗಳನ್ನೆಲ್ಲ ಆರಿಸಿ ಇಡುವುದು ಪದ್ಧತಿ. ಚೂಟಿಯದ್ದನ್ನು ಆರಿಸಲು ನನಗೆ ಮನಸ್ಸಾಗಲಿಲ್ಲ. ಚಾರ್ಜರು ಸಿಕ್ಕಿಸಿ ಕೆಳಗಿನ ಖಾನೆಯಲ್ಲಿಟ್ಟೆ. ಊಟದ ಗಂಟೆಯ ನಂತರದ ಮೊದಲ ಪಿರಿಯಡ್ಡಿನಲ್ಲಿ ನನಗೆ ಪಾಠವಿಲ್ಲ, ಈ ಕೋಣೆಯಲ್ಲೇ ಕೂತು ಉತ್ತರಪತ್ರಿಕೆ ತಿದ್ದುತ್ತೇನೆ. ಮೊದಲನೇ ದಿನವೇ ಬೀರು ಗುಂಯ್‌ ಎಂದಿತು. ತಗಡಿನ ಬೀರು ತಾನೇ, ಫೋನು ನಡುಗಿದರೆ ಇಡೀ ಬೀರು ನಡುಗುತ್ತದೆ. ಸುಮ್ಮನಾಯಿತು, ಮತ್ತೆ ಗುಂಯ್‌ ಎಂದಿತು. ಬಾಗಿಲು ತೆಗೆದು ನೋಡಿದೆ. ಫೋನಿನ ಪರದೆಯ ಮೇಲೆ 'ಅಮ್ಮ' ಎಂದಿತ್ತು. ವಾರದ ನಡುವೆ, ಮಟಮಟ ಮಧ್ಯಾಹ್ನ, ನೀನು! ಭಾನುವಾರ ಮಾತ್ರ ಮಾತಾಡುವವಳು! ನಾನು ಎತ್ತಲಿಲ್ಲ. ಒಪ್ಪಿಸಿದ ಫೋನನ್ನು ಯಾರೂ ಎತ್ತುವಂತಿಲ್ಲ ಎಂಬ ಸಾಲು ನನ್ನ ಕೈಬರಹದಲ್ಲೇ ಬೀರುವಿನ ಬಾಗಿಲಿಗೆ ಅಂಟಿದೆ. ವಿಜ್ಞಾನದ ಮೇಡಂ ಬೇರೆ ಪಕ್ಕದ ಮೇಜಿನಲ್ಲಿದ್ದಳು. ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ. ಅದರ ಮಾರನೆಯ ದಿನವೂ. ನಾನು ಕೆಂಪು ಪೆನ್ನು ಹಿಡಿದು ಕೂತಿರುತ್ತಿದ್ದೆ, ಬೆನ್ನ ಹಿಂದೆ ನೀನು ಬಾಗಿಲು ಬಡಿದ ಹಾಗೆ ಬಡಿಯುತ್ತಿದ್ದೆ. ಸರಿಯಾಗಿದ್ದ ಲೆಕ್ಕಗಳಿಗೆಲ್ಲ ತಪ್ಪು ಹಾಕಿದ್ದೇನೆ ಎಂದು ಮಕ್ಕಳು ಜಗಳಕ್ಕೆ ಬಂದರು.

ಆಗಲೇ ಎತ್ತಬೇಕಿತ್ತು ಎನ್ನುತ್ತೀಯಾ? ನನ್ನೊಳಗೆ ಇನ್ನೊಂದೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಹೊಟ್ಟೆಕಿಚ್ಚು. ಇಬ್ಬರೂ ಸೇರಿ ನನ್ನನ್ನು ಹೊರಗಿಟ್ಟರಲ್ಲ ಎಂದು. ತಲೆ ಬಾಚಿದವಳು ನಾನು, ಜ್ವರ ಬಂದಾಗ ಕೂತವಳು ನಾನು, ಗುಟ್ಟು ಮಾತ್ರ ನಿಮ್ಮಿಬ್ಬರದು. ಒಂದು ವಾರ ಹೀಗೇ ಉರಿದುಕೊಂಡೆ. ಕೊನೆಗೊಂದು ದಿನ ವಿಜ್ಞಾನದ ಮೇಡಂ ರಜೆಯಲ್ಲಿದ್ದಳು. ಬೀರು ನಡುಗಿತು. ನಾನು ಬೀಗ ತೆಗೆದು, ಫೋನು ಕಿವಿಗಿಟ್ಟುಕೊಂಡೆ. ನಾನು ಬಾಯಿ ತೆರೆಯುವ ಮೊದಲೇ ನೀನು ಪಿಸುಗುಟ್ಟಿದೆ: "ಚೂಟೀ, ಯಾಕಮ್ಮಾ ಎತ್ತಲಿಲ್ಲ ಇಷ್ಟು ದಿನ? ದೊಡ್ಡಮ್ಮಂಗೆ ಏನಾದ್ರೂ ಹೇಳ್ಬಿಟ್ಯಾ? ಹೇಳ್ಬೇಡ ಕಂದಾ, ನಿನ್ನ ಕಾಲಿಗೆ ಬೀಳ್ತೀನಿ." ಇಡೀ ಶಾಲೆಯನ್ನು ಗದರಿಸುವ ಬಾಯಿ, ನನ್ನ ತಂಗಿಗೆ 'ನಾನು' ಎಂದು ಹೇಳಲಿಲ್ಲ. ಎರಡು ಸಲ ಅವಳ ಹೆಸರು ಕರೆದೆ ನೀನು. ಯಾರದು ಎಂದೆ. ಆಮೇಲೆ ಫಕ್ಕನೆ ಕಟ್ ಮಾಡಿದೆ. ಅವತ್ತು ಫೋನಿನಲ್ಲಿ ನಿನಗೆ ಕೇಳಿಸಿದ ಉಸಿರು ನನ್ನದು. ಬೇರೆ ಯಾರೋ ಅಲ್ಲ, ನಿನ್ನ ಯಜಮಾನಿ ಹಾಕಿದ ಬಲೆಯಲ್ಲ, ನಾನು. ಅವತ್ತಿನಿಂದ ನಿನ್ನ ಫೋನು ಬಂದಿಲ್ಲ. ಫೋನು ಕೆಳಗಿಡುವಾಗ ಅದರಲ್ಲಿ ನನ್ನ ನಂಬರಿನ ಹೆಸರೂ ಕಂಡಿತು. ಬೀಗದಮ್ಮ ಎಂದೇ ಬರೆದುಕೊಂಡಿದ್ದಾಳೆ ನಿನ್ನ ಮಗಳು.

ಸಂಜೆ ಮನೆಗೆ ಬಂದು ನಾನು ಗದರಿಸಲಿಲ್ಲ. ಅವಳ ಪಕ್ಕ ಕೂತು ಬಟ್ಟೆ ಮಡಚಲು ತೊಡಗಿದೆ. ಅಮ್ಮ ಫೋನು ಮಾಡಿದ್ದಳು, ನಾನು ಎತ್ತಿದೆ, ಮಾತಾಡಲು ಆಗಲಿಲ್ಲ ಎಂದೆ. ಆಗ ಅವಳು ಅತ್ತಳು ನೋಡು, ಹಿಡಿದಿದ್ದ ಹೊದಿಕೆಯನ್ನು ಬಾಯಿಗೆ ತುರುಕಿಕೊಂಡು. "ಅಮ್ಮನ್ನ ಹೊರಗೆ ಬಿಡಲ್ಲ ದೊಡ್ಡಮ್ಮ" ಎಂದಳು. ಆಮೇಲೆ ಎಲ್ಲ ಬಂತು. ನಿನ್ನ ಬದುಕನ್ನು ನಿನಗೇ ಬರೆಯುತ್ತಿದ್ದೇನೆ, ಆದರೂ ನನಗೆ ಎಷ್ಟು ಗೊತ್ತು ಎಂದು ನಿನಗೆ ತಿಳಿಯಬೇಕಲ್ಲ. ಪಾಸ್‌ಪೋರ್ಟು ಯಜಮಾನಿಯ ಬೀರುವಿನಲ್ಲಿದೆ. ಒಪ್ಪಂದ ಮುಗಿದರೂ, ತನ್ನ ಅತ್ತೆ, ಅಂದರೆ ಆ ಮುದುಕಮ್ಮ, ಇರುವವರೆಗೆ ನೀನು ಎಲ್ಲಿಗೂ ಹೋಗುವ ಹಾಗಿಲ್ಲ ಎಂದಿದ್ದಾಳೆ. ಬೀದಿ ಬಾಗಿಲಿಗೆ ಹೊರಗಿನಿಂದ ಬೀಗ. ನಿನ್ನ ಫೋನು ಅಡುಗೆಮನೆಯ ಖಾನೆಯಲ್ಲಿ. ಯಜಮಾನಿ ಕೆಲಸಕ್ಕೆ ಹೋಗಿ, ಮುದುಕಮ್ಮ ಕಣ್ಣು ಮುಚ್ಚಿದ ಮೇಲೆ ಅಡುಗೆಯಾಕೆ ಅದನ್ನು ತೆಗೆದು ನಿನ್ನ ಕೈಗೆ ಕೊಡುತ್ತಾಳೆ. ಆ ಹೊತ್ತಿಗೆ ಇಲ್ಲಿ ಊಟ ಮುಗಿದು ಮೊದಲ ಪಿರಿಯಡ್ಡು. ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಚೂಟಿ ದಿನವೂ ಬಾತ್‌ರೂಮಿಗೆ ಹೋಗಿ ನಿನ್ನ ಜೊತೆ ಮಾತಾಡುತ್ತಿದ್ದಳು. ಆಟದ ಮೇಷ್ಟರು ಅವಳಿಗೆ ಬೆಳಗ್ಗೆ ಬಿಸಿನೀರು ಕುಡಿ ಎಂದು ಸಲಹೆ ಕೊಟ್ಟಿದ್ದರಂತೆ. ಅದನ್ನು ಹೇಳುವಾಗ ಅಳುವಿನ ಮಧ್ಯೆಯೇ ಅವಳಿಗೆ ನಗು ಬಂತು, ನನಗೂ ಬಂತು. ಈ ವಿಳಾಸ ಕೊಟ್ಟವಳೂ ಅವಳೇ. ನಿನಗೆ ಕೂದಲಿನ ಕ್ಲಿಪ್ಪು ಕಳಿಸಿದ್ದಳಂತಲ್ಲ, ಅಡುಗೆಯಾಕೆಯ ಮನೆಗೆ? ನನಗೆ ಅದೂ ಗೊತ್ತಿರಲಿಲ್ಲ.

ನನಗೆ ಹೇಳಬೇಡ ಎಂದು ನೀನು ಯಾಕೆ ಹೇಳಿದ್ದೆ ಎಂದೂ ಚೂಟಿಯನ್ನು ಕೇಳಿದೆ. ದೊಡ್ಡಮ್ಮ 'ನಾನು ಹೇಳಿರಲಿಲ್ಲವೇ' ಅಂತಾರೆ, ಅದನ್ನು ಕೇಳುವ ಶಕ್ತಿ ನನಗಿಲ್ಲ ಎಂದೆಯಂತೆ. ಅನ್ನುತ್ತಿದ್ದೆ ಕಣೇ. ಖಂಡಿತ ಅನ್ನುತ್ತಿದ್ದೆ. ಹೋಗಬೇಡ ಎಂದು ನಾನು ಅಷ್ಟು ಹೇಳಿದರೂ ಹೋದೆ ಎಂಬ ಸಿಟ್ಟು ನನಗಿತ್ತು. ಯಜಮಾನಿ ನಮ್ಮ ಭಾಷೆಯವಳೇ ಎಂದು ಗೊತ್ತಾದಾಗ ಮಾತ್ರ ಸ್ವಲ್ಪ ಸಮಾಧಾನವಾಗಿತ್ತು, ಹೋಗಲಿ, ಕಷ್ಟಸುಖಕ್ಕೆ ಮಾತಾದರೂ ಇರುತ್ತದೆ ಎಂದು. ಈಗ ಅದೇ ಕಾಲಿಗೆ ಸಂಕೋಲೆಯಾಗಿದೆ. ಬೇರೆ ಭಾಷೆಯವಳಾಗಿದ್ದರೆ ಭಾನುವಾರ ಅವಳ ಎದುರಿಗೇ ನೀನು ಎಲ್ಲವನ್ನೂ ಹೇಳಿಬಿಡಬಹುದಿತ್ತು. ಹೋದ ಭಾನುವಾರವೂ ಎಂದಿನಂತೆ ನನ್ನ ಫೋನಿಗೆ ಮಾಡಿದೆ. ಸ್ಪೀಕರು ಹಾಕಿತ್ತು. "ಎಲ್ಲಾ ಚೆನ್ನಾಗಿದೆ ಅಕ್ಕಾ" ಎಂದೆ. ಹಿಂದೆ ಯಾರೋ ಲೋಟದಲ್ಲಿ ಚಮಚ ಆಡಿಸುವ ಸದ್ದು. ಮೊದಲಾದರೆ ಅದು ನೆಮ್ಮದಿಯ ಮನೆಯ ಸದ್ದು ಎಂದುಕೊಳ್ಳುತ್ತಿದ್ದೆ. ಇಲ್ಲೂ ಎಲ್ಲಾ ಚೆನ್ನಾಗಿದೆ ಕಣೇ ಎಂದೆ ನಾನು. ಚೂಟಿ, ಪರೀಕ್ಷೆ ಹತ್ತಿರ ಬಂತಮ್ಮಾ ಎಂದಳು. ಮೂವರೂ ಒಬ್ಬರಿಗಿಂತ ಒಬ್ಬರು ಚೆನ್ನಾಗಿ ಸುಳ್ಳು ಹೇಳಿದೆವು.

ಸೋಮವಾರ ದೊಡ್ಡ ಸರ್ ಹತ್ತಿರ ಹೋದೆ. ಔಷಧಿ ಅಂಗಡಿಯವರೂ ಅಲ್ಲೇ ಕೂತಿದ್ದರು. ಕಾರಣ ಪೂರ್ತಿ ಹೇಳುವಂತಿಲ್ಲ. ನಾಲ್ಕು ಜನರ ಬಾಯಿಗೆ ಬಿದ್ದ ಮಾತು ಎಲ್ಲೆಲ್ಲಿಗೆ ಹೋಗಿ ಯಾರ ಕಿವಿ ಮುಟ್ಟುತ್ತದೋ ಎಂಬ ಭಯ. ನಮ್ಮ ಹುಡುಗಿಯ ಫೋನು ಬಿಡಿಸಿಕೊಳ್ಳಬೇಕು, ಮನೆಯಲ್ಲಿ ಒಂದು ಅಗತ್ಯ ಇದೆ ಎಂದಷ್ಟೇ ಹೇಳಿದೆ. "ನಿಮ್ಮ ಹುಡುಗಿಗಾದ್ರೆ ಕಾರಣ, ನಮ್ಮ ಹುಡುಗಿಗಾದ್ರೆ ನೆಪ?" ಎಂದರು ಅಂಗಡಿಯವರು. ಅವರದ್ದು ತಪ್ಪಲ್ಲ. ಲಾರಿ ಓಡಿಸುವವರ ಮಗ, ಅಪ್ಪ ಮಧ್ಯಾಹ್ನ ಮಾತ್ರ ಮಾತಿಗೆ ಸಿಗುತ್ತಾರೆ ಮೇಡಂ ಎಂದು ಬೇಡಿದಾಗ, ಕಾರಣ ಎಲ್ಲರಿಗೂ ಇರುತ್ತದೆ ಎಂದು ಕಳಿಸಿದ್ದು ನಾನೇ ತಾನೇ? ಹಾಗಾದರೆ ಈ ಕೀಲಿಕೈಯೇ ನನಗೆ ಬೇಡ ಎಂದು ಕೊರಳಿಂದ ತೆಗೆದು ದೊಡ್ಡ ಸರ್ ಮುಂದಿಟ್ಟೆ. ಅವರು ಅದನ್ನು ಹಾವಿನ ಮರಿಯನ್ನು ನೋಡಿದಂತೆ ನೋಡಿ, ಬೆರಳ ತುದಿಯಲ್ಲಿ ನನ್ನ ಕಡೆಗೇ ತಳ್ಳಿದರು. "ನೀವು ಬಿಟ್ರೆ ಯಾರು ಹಿಡೀತಾರೆ ಮೇಡಂ?" ಎಂದು ಕನ್ನಡಕ ಒರೆಸಿದರು. ಅತ್ತ ದರಿ, ಇತ್ತ ಪುಲಿ. ಕೀಲಿಕೈ ಮತ್ತೆ ಕೊರಳಿಗೇ ಬಂತು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಕೊನೆಗೆ ನಾನೇ ಒಂದು ಉಪಾಯ ಮಾಡಿದೆ. ಚೂಟಿಗೆ ಇನ್ನೊಂದು ಶಿಕ್ಷೆ ಕೊಟ್ಟೆ, ಎಲ್ಲರೆದುರಿಗೆ: ಪ್ರತಿದಿನ ಊಟವಾದ ಮೇಲಿನ ಪಿರಿಯಡ್ಡು ಫೋನು ಕೋಣೆಗೆ ಬಂದು ಹರಿದ ಜೇಬುಗಳನ್ನು ಹೊಲಿಯಬೇಕು. ಅಂಗಡಿಯವರು ಕೂಡ ಇದು ಸ್ವಲ್ಪ ಜಾಸ್ತಿಯಾಯಿತೇನೋ ಎಂದರು! ಈಗ ದಿನವೂ ಬರುತ್ತಾಳೆ. ಹೊಲಿಗೆಗೆ ಜಾಗ ಸಾಲದೆಂದು ವಿಜ್ಞಾನದ ಮೇಡಂ ಅನ್ನು ಬೇರೆ ಕೋಣೆಗೆ ಕಳಿಸಿ, ನಾನು ಬಾಗಿಲು ಮುಂದೆ ಮಾಡಿ, ಬೀರು ತೆರೆದು, ಫೋನನ್ನು ನಮ್ಮಿಬ್ಬರ ನಡುವೆ ಮೇಜಿನ ಮೇಲೆ ಇಡುತ್ತೇನೆ. ಅವಳು ಸೂಜಿಗೆ ದಾರ ಪೋಣಿಸುತ್ತಾಳೆ, ನಾನು ಪೆನ್ನಿನ ಮುಚ್ಚಳ ತೆಗೆಯುತ್ತೇನೆ. ಇಬ್ಬರೂ ಒಂದು ಹೊಲಿಗೆ ಹಾಕುವುದಿಲ್ಲ, ಒಂದು ಗೆರೆ ಎಳೆಯುವುದಿಲ್ಲ. ಫೋನನ್ನೇ ನೋಡುತ್ತಾ ಕೂರುತ್ತೇವೆ. ಅದು ಬಡಿದುಕೊಳ್ಳುವುದಿಲ್ಲ. ಅಂದು ನಾನು ಮಾತಾಡದೆ ನಿಂತದ್ದಕ್ಕೆ ಹೆದರಿ ನೀನೇ ಬಿಟ್ಟೆಯೋ, ಯಜಮಾನಿಗೆ ತಿಳಿದು ಆ ಖಾನೆಗೂ ಬೀಗ ಬಿತ್ತೋ, ಅಡುಗೆಯಾಕೆಗೇ ಏನಾದರೂ ಆಯಿತೋ. ಗಂಟೆ ಹೊಡೆದ ಮೇಲೆ ಚೂಟಿ ಎದ್ದು ಹೋಗುತ್ತಾಳೆ. ಇವತ್ತು ಬಾಗಿಲ ಹತ್ತಿರ ನಿಂತು, "ನಾಳೆ ಮಾಡ್ತಾಳೆ ಬಿಡಿ ದೊಡ್ಡಮ್ಮ" ಎಂದು ನನಗೇ ಸಮಾಧಾನ ಹೇಳಿದಳು. ನಾಳೆ ಶನಿವಾರ, ನಿನ್ನ ಯಜಮಾನಿ ಮನೆಯಲ್ಲೇ ಇರುತ್ತಾಳೆ ಎಂದು ಅವಳಿಗೂ ಗೊತ್ತು.

ಇಲ್ಲಿಂದ ನಾನು ಓಡಿ ಬರಲಾರೆ, ನೀನು ಅಲ್ಲಿಂದ ಎದ್ದು ಬರಲಾರೆ. ಕೂತಲ್ಲೇ ಕಾಯುವುದೆಂದರೆ ಏನೆಂದು ನನಗೆ ಈಗ ಗೊತ್ತಾಗುತ್ತಿದೆ, ನೀನು ಎಷ್ಟು ಕಾಲದಿಂದ ಹೀಗೆ ಕೂತಿದ್ದೀಯೆ ಎಂದು ನೆನೆದರೆ ಪೆನ್ನು ಓಡುವುದಿಲ್ಲ. ಈ ಕಾಗದ ಓದಿದ ಮೇಲೆ ಹರಿದು ಒಲೆಗೆ ಹಾಕು. ಆ ಅಡುಗೆಯಾಕೆಗೆ ನನ್ನ ಎರಡೂ ಕೈ ಜೋಡಿಸಿದ ನಮಸ್ಕಾರ ಹೇಳು. ಯಾರೋ ಏನೋ, ನಮ್ಮ ಪಾಲಿಗೆ ಒಡಹುಟ್ಟಿದವಳಿಗಿಂತ ಹೆಚ್ಚು. ಮುದುಕಮ್ಮನ ಮೇಲೆ ಸಿಟ್ಟು ತೀರಿಸಿಕೊಳ್ಳಬೇಡ, ಅವಳೂ ಆ ಮನೆಯಲ್ಲಿ ಮಲಗಿದಲ್ಲೇ ಸಿಕ್ಕಿಕೊಂಡವಳು. ಹೊಟ್ಟೆ ತುಂಬ ಊಟ ಮಾಡು, ಕೂತು ಊಟ ಮಾಡು. ಹಿರಿಯಳಾಗಿ ನಾನು ಕೊಡುವ ಆಶೀರ್ವಾದಕ್ಕೆ ಎಷ್ಟು ಬಲವಿದೆಯೋ ಅಷ್ಟೂ ನಿನ್ನ ತಲೆಯ ಮೇಲಿರಲಿ.

ನಿನ್ನ,
ಅಕ್ಕ

ಮರೆತಿದ್ದೆ, ಬೇಗ ಬರೆಯುತ್ತಿದ್ದೇನೆ, ಅಂಚೆ ತೆಗೆಯುವ ಹೊತ್ತಾಯಿತು: ಇಷ್ಟುದ್ದ ಬರೆದು, ಕೇಳಬೇಕಾದ ಒಂದೇ ಮಾತು ಕೇಳಲಿಲ್ಲ. ನಿನಗೆ ಅಲ್ಲಿಂದ ಹೊರಗೆ ಬರಬೇಕಾ? ಪರದೇಶದ ಕೆಲಸಗಾರರ ದೂರು ಕೇಳುವ ಕಚೇರಿ ಎಲ್ಲಿದೆ ಎಂದು ನೋಡಿಕೊಂಡು ಬಂದಿದ್ದೇನೆ. ನಾನು ದೂರು ಕೊಟ್ಟರೆ ಅಲ್ಲಿ ನಿನ್ನ ಬಾಗಿಲು ತಟ್ಟುತ್ತಾರಂತೆ. ಆದರೆ ತಟ್ಟಿದ ಮೇಲೆ ಏಟು ಬೀಳುವುದು ನಿನ್ನ ಮೇಲೆ, ಅದಕ್ಕೇ ಈ ಸಲ ನಿನ್ನನ್ನು ಕೇಳದೆ ನಾನು ಏನೂ ಮಾಡುವುದಿಲ್ಲ. ಉತ್ತರ ಬರೆಯಬೇಡ, ಸಿಕ್ಕಿಬಿದ್ದೀಯೆ. ಹೊರಗೆ ಬರಬೇಕೆಂದಿದ್ದರೆ, ಈ ಕಾಗದ ಮುಟ್ಟಿದ ಮೇಲೆ ಬರುವ ಭಾನುವಾರ, ಯಜಮಾನಿಯ ಎದುರಿಗೇ, ಸ್ಪೀಕರು ಹಾಕಿಕೊಂಡೇ, "ಅಕ್ಕಾ, ನಿನ್ನ ಹಲ್ಲುನೋವು ಹೇಗಿದೆ?" ಎಂದು ಕೇಳು. ನನಗೆ ಹಲ್ಲುನೋವೇ ಇಲ್ಲ ಎಂದು ನಿನಗೆ ಗೊತ್ತು, ಆ ಯಜಮಾನಿಗೆ ಗೊತ್ತಿಲ್ಲ. ಚೂಟಿಗೂ ಹೇಳಿದ್ದೇನೆ, ಪಕ್ಕದಲ್ಲೇ ಕೂತಿರುತ್ತಾಳೆ. ನೀನು ಅಷ್ಟು ಕೇಳಿದರೆ ಸಾಕು, ನಾನು ಹೀಗೆ ಹೇಳುತ್ತೇನೆ: "ತುಂಬಾ ನೋಯ್ತಿದೆ ಕಣೇ, ತಡೆಯೋಕಾಗ್ತಿಲ್ಲ, ನಾಳೆ ಶಾಲೆಗೆ ಹೋಗಲ್ಲ."